ವಿಮಾನದ ಮೂಗಿಗೊಂದು ಕುಲಾವಿ

ನನ್ನ ಹೆಂಡತಿ ಶೈಲಾ ಅಂಗಿ ಒಗೆಯಲು ಹಾಕುವ ಮುಂಚೆ ಕಿಸೆಗಳನ್ನು ಚೆಕ್‌ಪೋಸ್ಟಿನವರ ಹಾಗೆ ತಪಾಸಣೆ ಮಾಡುತ್ತಾಳೆ. ಮೊನ್ನೆ ಹಾಗೆ ತಪಾಸಿಸುವಾಗ ಒಂದು ಬಸ್ ಟಿಕೀಟು, ಕನ್ನಡಕದ ಕಾಲಿಗೆ ಹಾಕುವ ಪುಟ್ಟ ತಿರುಪು, ಕಾಗದ ಸಮೇತ ಕರಗಿದ ಪೆಪ್ಪರಮಿಂಟು ಸಿಕ್ಕವು. ಕೊನೆಗೆ ಒಂದು ಕುಲಾವಿ ಸಿಕ್ಕಿತು. ಕುಲಾವಿ ಎಂದರೆ ಕೂಸಿನ ತಲೆಗೆ ಕಟ್ಟುವ ಟೋಪಿ, ನಿಮಗೆ ಗೊತ್ತಿರುವುದೇ. ಆದರೆ ಇದು ನನ್ನ ಕಿರುಬೆರಳಿನ ತುದಿಗೂ ಸರಿಯಾಗಿ ಕೂಡದಷ್ಟು ಸಣ್ಣದು. ಕುಪ್ಪಸ ಹೊಲಿಯುವ ಹಸಿರು ಖಣದ ತುಣುಕು, ಕೆಂಪು ಅಂಚು, ಕಟ್ಟಲಿಕ್ಕೆ ಎರಡೆಳೆ ದಾರ.

“ಇದನ್ನ ಕಿಸೇದಾಗ ಇಟಗೊಂಡ ಅಡ್ಡಾಡತಾರೇನ್ರಿ? ಮಿಷನ್ನಿನಾಗ ಹೋಗಿದ್ರ ಏನ ಗತಿ?” ಎಂದು ಗದರಿ, ಅದನ್ನು ದೇವರ ಜಗಲಿಯ ಮೇಲೆ ವಿಭೂತಿ ಗಟ್ಟಿಯ ಪಕ್ಕದಲ್ಲಿ ಇಟ್ಟಳು. ನನ್ನ ವಿಮಾನದ ಹೆಸರೆತ್ತಿದರೆ ಸಾಕು, ಉರಿದು ಬೀಳುತ್ತಿದ್ದವಳು ಇವಳೇ. ಅದರ ಟೋಪಿಗೆ ಇಷ್ಟು ಮರ್ಯಾದೆ ಬಂದದ್ದು ಹೇಗೆಂದು ಹೇಳಬೇಕಾದರೆ ನಾನು ಬನಹಟ್ಟಿಯಿಂದ ಶುರು ಮಾಡಬೇಕು. ಅವಸರವಿದ್ದರೆ ನೀವು ಎದ್ದು ಹೋಗಬಹುದು. ಎದ್ದು ಹೋಗುವವರ ಮೇಲೆ ನನಗೆ ಎಂದೂ ಸಿಟ್ಟಿಲ್ಲ.

ಯಾಕೆಂದರೆ ನಾನೇ ಆ ಪೈಕಿ. ಜಮಖಂಡಿಯಲ್ಲಿ ನನ್ನದೊಂದು ಚಷ್ಮಾ ಅಂಗಡಿ ಇದೆ. ಗಿರಾಕಿಯನ್ನು ಕುರ್ಚಿಯಲ್ಲಿ ಕೂಡಿಸಿ ಅಕ್ಷರದ ಚಾರ್ಟು ಓದಲು ಹೇಳಿ, ಅವರು ನಡುಸಾಲಿಗೆ ಬರುವಷ್ಟರಲ್ಲಿ ನಾನು ಬಾಗಿಲಿಗೆ ಹೋಗಿ ರಸ್ತೆ ನೋಡಿ ಬಂದಿರುತ್ತೇನೆ. ಮದುವೆಯ ಊಟದಲ್ಲಿ ನನ್ನ ಸಾಲಿಗೆ ಅನ್ನ ಬರುವ ಮುಂಚೆ ನಾನು ಕೈ ತೊಳೆದಿರುತ್ತೇನೆ. “ನಿಮ್ಮ ಕಾಲಾಗ ಚಕ್ರ ಅದಾವ” ಎಂದು ಶೈಲಾ ಹೇಳುತ್ತಾಳೆ. ಚಕ್ರವಿದ್ದರೆ ಎಲ್ಲಿಗಾದರೂ ಮುಟ್ಟುತ್ತಿದ್ದೆ. ನಾನು ಬಾಗಿಲಿಗೆ ಹೋಗಿ ಮರಳಿ ಬರುವವನು, ಅಷ್ಟೇ.

ಇದಕ್ಕೆ ನಾನು ಹೊಣೆಯಲ್ಲ, ಬನಹಟ್ಟಿ ಹೊಣೆ. ನಮ್ಮ ಓಣಿಯ ಮನೆಮನೆಯಲ್ಲೂ ಮಗ್ಗ. ಆ ಖಟ್ ಖಟ್ ಸದ್ದಿನಲ್ಲೇ ಹುಟ್ಟಿ, ಅದರಲ್ಲೇ ಪಾಠ ಒಪ್ಪಿಸಿ, ಅದರಲ್ಲೇ ನಿದ್ದೆ ಮಾಡಿದವರು ನಾವು. ಕರೆಂಟು ಹೋಗಿ ಮಗ್ಗ ನಿಂತರೆ ತೊಟ್ಟಿಲಲ್ಲಿದ್ದ ಕೂಸು ಎಚ್ಚತ್ತು ಅಳುತ್ತಿತ್ತು. ಅಪ್ಪ ಕಟ್ಟೆಗೆ ಬಂದು ಕಂಬದ ತಂತಿ ನೋಡುತ್ತ ನಿಲ್ಲುತ್ತಿದ್ದ. ನಾವು ಮಕ್ಕಳು ಏನೋ ಕಳೆದುಕೊಂಡವರಂತೆ ಒಳಗೂ ಹೊರಗೂ ಅಡ್ಡಾಡುತ್ತಿದ್ದೆವು. ಸದ್ದಿದ್ದರೆ ಸಮಾಧಾನ, ಸದ್ದಡಗಿದರೆ ಕಳವಳ. ಅಂಥ ಓಣಿಯಲ್ಲಿ ಬೆಳೆದವನಿಗೆ ಸುಮ್ಮನಿರುವುದನ್ನು ಯಾರು ಕಲಿಸಬೇಕು, ನೀವೇ ಹೇಳಿ.

ಐವತ್ತರ ಹತ್ತಿರ ಬಂದ ಮೇಲೆ ವಿಮಾನದ ಹುಚ್ಚು ಹಿಡಿದದ್ದೂ ಇದರಿಂದಲೇ ಇರಬೇಕು. ನನ್ನದು ಮದುವೆಮನೆಯ ಮೇಲೆ ಗುಂಯ್‌ಗುಡುವ ಡ್ರೋನ್ ಅಲ್ಲ, ರೆಕ್ಕೆಯಿರುವಂಥದು. ಮೈಯೆಲ್ಲ ಥರ್ಮಾಕೋಲಿನಂಥ ಬಿಳಿ ಫೋಮು, ಹೊಟ್ಟೆಯಲ್ಲಿ ಬ್ಯಾಟರಿ ಮತ್ತು ಕ್ಯಾಮೆರಾ, ನಡುವೆ ಬೆಂಕಿಪೊಟ್ಟಣದಷ್ಟು ಆಟೋಪೈಲಟ್. ದಾರಿಯನ್ನು ಲ್ಯಾಪ್‌ಟಾಪಿನಲ್ಲಿ ಗುರುತು ಹಾಕಿಕೊಟ್ಟರೆ ತಾನೇ ಹೋಗಿ, ಫೋಟೋ ತೆಗೆದು, ತಾನೇ ಮರಳುತ್ತದೆ. ಮೂಗಿನ ತುದಿಯಲ್ಲಿ ಬಳಪದ ಕಡ್ಡಿಯಂಥ ಬಿಳಿ ನಳಿಗೆಯೊಂದು ಮುಂದಕ್ಕೆ ಚಾಚಿಕೊಂಡಿರುತ್ತದೆ. ಎದುರಿನ ಗಾಳಿ ಅದರ ಸಣ್ಣ ತೂತಿನೊಳಗೆ ಎಷ್ಟು ಒತ್ತುತ್ತದೆ ಎಂಬುದನ್ನು ಒಳಗಿನ ಸೆನ್ಸರ್ ಅಳೆದು, ಗಾಳಿಯಲ್ಲಿ ನಮ್ಮ ವೇಗ ಇಷ್ಟು ಎಂದು ಆಟೋಪೈಲಟ್‌ಗೆ ತಿಳಿಸುತ್ತದೆ.

ನೆಲದ ಮೇಲಿನ ವೇಗ ಗೊತ್ತಿದ್ದರೆ ಸಾಲದೇ ಎಂದು ನೀವು ಕೇಳಬಹುದು. ಸಾಲದು. ಕಾಲೇಜಿಗೆ ನಾನು ಬನಹಟ್ಟಿಯಿಂದ ಜಮಖಂಡಿಗೆ ಸೈಕಲ್ ಹೊಡೆಯುತ್ತಿದ್ದೆ. ಆಷಾಢದ ಸಂಜೆ ಮನೆಗೆ ಮರಳುವಾಗ ಪಡುವಣ ಗಾಳಿ ಎದುರಿಗೆ. ಅಂಗಿ ಉಬ್ಬಿ, ಕಣ್ಣಲ್ಲಿ ನೀರು ಬಂದು, ಭಾರಿ ಜೋರಿನಲ್ಲಿ ಹೋಗುತ್ತಿದ್ದೇನೆ ಎನಿಸುತ್ತಿತ್ತು. ಅಷ್ಟರಲ್ಲಿ ಒಂದು ಎತ್ತಿನ ಗಾಡಿ ನನ್ನನ್ನು ದಾಟಿ ಮುಂದೆ ಹೋಗುತ್ತಿತ್ತು. ವಿಮಾನವನ್ನು ಎತ್ತಿ ಹಿಡಿಯುವುದು ಹಾಗೆ ಮುಖಕ್ಕೆ ಬಡಿಯುವ ಗಾಳಿಯೇ, ದಾಟಿದ ನೆಲವಲ್ಲ. ಆ ಗಾಳಿ ಕಡಿಮೆಯಾದರೆ ಅದು ಕಲ್ಲಿನ ಹಾಗೆ ಬೀಳುತ್ತದೆ.

ಇಷ್ಟು ಪೀಠಿಕೆ ಸಾಕು. ಈ ಬೇಸಿಗೆಯವರೆಗೆ ನನ್ನ ವಿಮಾನ ಜಮಖಂಡಿಯ ಹೊರಗಿನ ಬಯಲಲ್ಲಿ ಕಬ್ಬಿನ ಹೊಲಗಳ ಫೋಟೋ ತೆಗೆದು ಸುಖವಾಗಿತ್ತು. ಅದಕ್ಕೆ ನಿಜವಾದ ಕೆಲಸ ಹಚ್ಚಿದವಳು ಕಾಶತ್ತೆ.

ಕಾಶತ್ತೆ ನನ್ನ ಅಪ್ಪನ ತಂಗಿ. ಅವಳನ್ನು ಕೊಟ್ಟದ್ದು ಬೀಳಗಿ ತಾಲೂಕಿನ ಹೊಳೆದಂಡೆಯ ಒಂದು ಊರಿಗೆ. ಆ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಬಹಳ ಕಾಲವಾಯಿತು. ಈಗ ಅವಳು ಮಗ ಸಂಗಪ್ಪನ ಸಂಸಾರದ ಜೊತೆ ಬಾಡಗಂಡಿ ಕಡೆಯ ಪುನರ್ವಸತಿ ಕೇಂದ್ರದಲ್ಲಿದ್ದಾಳೆ. ಊರು ಮುಳುಗುವ ಮುಂಚೆಯೇ ಮಾವ ತೀರಿಕೊಂಡಿದ್ದರು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸಿ ಮಣ್ಣು ಕೊಡುತ್ತೇವೆ. ಮಾವನನ್ನು ಅವರ ಹೊಲದಲ್ಲೇ, ಬಾವಿಯ ಪಕ್ಕದಲ್ಲಿ ಕೂಡಿಸಿ, ಮೇಲೆ ಗದ್ದುಗೆ ಕಟ್ಟಿ, ಒಂದು ಕಲ್ಲಿನ ನಂದಿಯನ್ನು ಇಟ್ಟಿದ್ದರು. ವರ್ಷದ ಬಹುಪಾಲು ಆ ಗದ್ದುಗೆ ನೀರೊಳಗೆ. ಬೇಸಿಗೆಯಲ್ಲಿ ನೀರು ಸರಿದಾಗ ಅತ್ತೆ ನಡೆದು ಹೋಗಿ, ನಂದಿಯ ಹಣೆಗೆ ವಿಭೂತಿ ಹಚ್ಚಿ, ಒಂದು ಗಳಿಗೆ ಕೂತು ಬರುತ್ತಿದ್ದಳು. ಈಚೆಗೆ ಮೊಣಕಾಲು ಹೋದವು. ಅಲ್ಲಿಯ ಹೂಳೂ ಹೆಚ್ಚಾಯಿತು.

ಈ ಬೇಸಿಗೆಯಲ್ಲಿ ಒಂದು ಸುದ್ದಿ ಹಬ್ಬಿತು. ಯಾರೋ ಟ್ರ್ಯಾಕ್ಟರ್ ತಂದು ಮುಳುಗಿದ ಊರಿನ ಕಟ್ಟಡದ ಕಲ್ಲು ಕಿತ್ತುಕೊಂಡು ಹೋಗುತ್ತಿದ್ದಾರಂತೆ, ಗದ್ದುಗೆಗಳನ್ನೂ ಬಿಟ್ಟಿಲ್ಲವಂತೆ. ಅಂದಿನಿಂದ ಅತ್ತೆಯ ಊಟ ಇಳಿಯಿತು. ಸಂಗಪ್ಪ ನೋಡಿ ಬರಲು ಹೋಗಿ ತೊಡೆಯವರೆಗೆ ಹೂಳಿನಲ್ಲಿ ಸಿಕ್ಕು ಹೆಂಗೋ ಎದ್ದು ಬಂದ. ಮದುವೆಯ ಡ್ರೋನಿನವರನ್ನು ಕೇಳಿದರೆ, ಅಷ್ಟು ದೂರ ಹೋಗಿ ಬರಲು ಬ್ಯಾಟರಿ ಸಾಲದು ಎಂದರು. ಆಗ ಅತ್ತೆಗೆ ನನ್ನ ನೆನಪಾಯಿತು.

“ಮಲ್ಲೂ, ಕಲ್ಲ ಹೋಗಿದ್ರ ಹೋಗಲಿ,” ಎಂದಳು. “ಕುಂತವರನ್ನ ಕೆದರ್ಯಾರೇನು ಅನ್ನೂದಷ್ಟ ನೋಡಿ ಹೇಳಪಾ.”

ಘಟ್ಟದ ಕಡೆ ಮಳೆ ಶುರುವಾದರೆ ನೀರು ಮತ್ತೆ ಏರುತ್ತದೆ. ಆಮೇಲೆ ಒಂದು ವರ್ಷ ಏನೂ ಕಾಣುವುದಿಲ್ಲ. ಒಂದು ವರ್ಷ ಈ ಪ್ರಶ್ನೆಯನ್ನು ಇಟ್ಟುಕೊಂಡು ಅವಳು ಹೇಗೆ ರೊಟ್ಟಿ ಮುರಿಯಬೇಕು? ಆಗಲಿ ಎಂದೆ. ಆಗಲಿ ಎನ್ನುವುದರಲ್ಲೂ ನನಗೆ ಅವಸರ.

ಮೊದಲ ಭಾನುವಾರ ಹೋದೆ. ಅಂಗಳದ ಹಗ್ಗದ ಹೊರಸಿನ ಮೇಲೆ ರೆಕ್ಕೆ ಜೋಡಿಸಿ, ನಳಿಗೆಗೆ ಅಂಗೈ ಮರೆಮಾಡಿ ಸೆನ್ಸರ್ ಎಬ್ಬಿಸಿ, ಬೀಸಣಿಕೆಯಿಂದ ಮೂಗಿಗೆ ಗಾಳಿ ಹಾಕಿ ನೋಡಿದೆ. ಲ್ಯಾಪ್‌ಟಾಪಿನಲ್ಲಿ ಅಂಕಿ ಏರಿತು, ಇಳಿಯಿತು. ಎಲ್ಲ ಸರಿ. ಆದರೆ ಅತ್ತೆಯ ಮನೆಯಿಂದ ಹಾಗೇ ಹೊರಡುವಂತಿಲ್ಲ. “ಕುಂತ ಹೋಗಬೇಕು, ಹೊಂಟವರು ಕುಂಡ್ರಲಿಲ್ಲಂದ್ರ ಕೆಲಸ ಕುಂಡ್ರತೈತಿ” ಎಂದು ನನ್ನನ್ನು ಒಳಗೆ ಕಳಿಸಿದಳು. ಪಡಸಾಲೆಯಲ್ಲಿ ಚಹಾ ಬಂತು. ನಾನು ನಾಲಿಗೆ ಸುಟ್ಟುಕೊಳ್ಳುತ್ತ ಅದನ್ನು ಹೀರುವಾಗ ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗಿನಿಂದ ಬಂದಳು. ನಾನೂ ಸಂಗಪ್ಪನೂ ವಿಮಾನ ಎತ್ತಿಕೊಂಡು ಹಿನ್ನೀರಿನ ದಂಡೆಗೆ ಹೋದೆವು. ಅವಸರದಲ್ಲಿ ನಾನು ಅಂಕಿ ನೋಡದೆಯೇ ಅದನ್ನು ಎಸೆದೆ.

ಎರಡು ಆಳೆತ್ತರ ಏರಿತು. ಆಮೇಲೆ ಆಟೋಪೈಲಟ್, ಪಾಪ, ತನಗೆ ವೇಗವೇ ಇಲ್ಲವೆಂದು ತಿಳಿದು, ವೇಗ ಗಳಿಸಲು ಮೂಗು ಕೆಳಗೆ ಮಾಡಿತು. ನೇರ ಹೋಗಿ ಹೂಳಿನಲ್ಲಿ ನೆಟ್ಟಿತು.

“ಗದ್ದಗಿಗೆ ಹೋಗಂದ್ರ ರಾಡಿಗೆ ಹೋತಲ್ಲಲೇ ನಿನ್ನ ವಿಮಾನ,” ಎಂದು ಸಂಗಪ್ಪ ಅದನ್ನು ಎತ್ತಿ ತಂದ. ನಾವಿಬ್ಬರೂ ಒಂದೇ ವಯಸ್ಸಿನವರು, ಒಂದೇ ಬಾವಿಯಲ್ಲಿ ಈಜು ಕಲಿತವರು; ಅವನ ಬಾಯಿಗೆ ನಾನು ಅಂಜುವುದಿಲ್ಲ. ಆದರೆ ಲ್ಯಾಪ್‌ಟಾಪ್ ನೋಡಿದಾಗ ಅಂಜಿಕೆಯಾಯಿತು. ವಿಮಾನ ಗಾಳಿಯಲ್ಲಿದ್ದಷ್ಟು ಹೊತ್ತೂ ಗಾಳಿವೇಗ ಸೊನ್ನೆ ಎಂದೇ ದಾಖಲಾಗಿತ್ತು.

ಆ ವಾರ ನಮ್ಮ ಮನೆಯಲ್ಲಿ ಮನುಷ್ಯರು ವಾಸಿಸುವಂತಿರಲಿಲ್ಲ. ಮನೆಗೆ ಬಂದವನೇ ನಳಿಗೆಯನ್ನು ಕಳಚಿ, ರಾಡಿ ತೊಳೆದು, ಬಾಯಿಯಿಂದ ಜೋರಾಗಿ ಊದಿದೆ. ಒಳಗೆ ಎರಡು ರಬ್ಬರ್ ಕೊಳವೆಗಳಿರುತ್ತವೆ, ಒಂದು ಮೂಗಿನದು, ಇನ್ನೊಂದು ಪಕ್ಕದ ತೂತಿನದು. ಅದಲುಬದಲಾಗಿವೆಯೇನೋ ಎಂದು ಬಿಚ್ಚಿದೆ, ಆಗಿರಲಿಲ್ಲ. ಸಂದಿಯಲ್ಲಿ ಗಾಳಿ ಸೋರುತ್ತಿದೆಯೇನೋ ಎಂದು ಹೊಸ ಕೊಳವೆ ಹಾಕಿದೆ. ಸೆನ್ಸರಿಗೆ ಬಿಸಿಲು ತಗುಲಿ ತಪ್ಪು ಹೇಳುತ್ತಿರಬಹುದೆಂದು ಕಪ್ಪು ಬಟ್ಟೆ ಮುಚ್ಚಿದೆ. ಟೇಬಲ್ ಫ್ಯಾನನ್ನು ಅದರ ಮುಂದಿಟ್ಟು ನೋಡಿದರೆ ಅಂಕಿ ಸರಸರನೆ ಏರುತ್ತಿತ್ತು. ಮೇ ತಿಂಗಳ ಸೆಖೆ, ಶೈಲಾ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, “ಅದರ ಮೂಗಿಗೆ ಫ್ಯಾನ್, ನಮ್ಮ ಮಕಕ್ಕ ಬೆವರು. ಅದಕ್ಕ ಒಂದ ಕೂಲರ್ ತಂದಬಿಡ್ರಿ, ಮುಗದ ಹೋಗಲಿ” ಎಂದಳು.

ಮುಂದಿನ ಭಾನುವಾರ ಮತ್ತೆ ಹೋದೆ. ಅತ್ತೆಯ ಅಂಗಳದಲ್ಲಿ ಬೀಸಣಿಕೆ ಹಾಕಿದರೆ ಸರಿ. ಚಹಾ ಕುಡಿದು ದಂಡೆಗೆ ಹೋದರೆ ಸೊನ್ನೆ. ಮುಖಕ್ಕೆ ಹೊಡೆಯುವ ಪಡುವಣ ಗಾಳಿ, ನನ್ನ ಟೋಪಿ ಹಾರಿ ಹೋಗುತ್ತಿದೆ, ಸೆನ್ಸರ್ ಮಾತ್ರ ಗಾಳಿಯೇ ಇಲ್ಲ ಎನ್ನುತ್ತಿದೆ! ಸೆನ್ಸರ್ ಬಂದ್ ಮಾಡಿ ಹಾರಿಸಬಹುದು, ಹಲವರು ಹಾರಿಸುತ್ತಾರೆ. ಆದರೆ ಅಂಥ ಗಾಳಿಯಲ್ಲಿ, ಆ ನೀರಿನ ಮೇಲೆ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಸೈಕಲ್ ಹೊಡೆದ ಹಾಗೆ. ವಿಮಾನ ಬಿದ್ದರೆ ಇನ್ನೊಂದು ತರಬಹುದು. ಆದರೆ ಅಷ್ಟರಲ್ಲಿ ನೀರು ಏರಿರುತ್ತದೆ. ದಂಡೆಯಲ್ಲಿ ನಾನು ಅತ್ತಿಂದಿತ್ತ ಅಡ್ಡಾಡಿ ಅಡ್ಡಾಡಿ ಕಾಲುದಾರಿಯನ್ನೇ ಮಾಡಿದೆ.

ಸಂಗಪ್ಪ ಬೇವಿನ ಕಡ್ಡಿ ಜಗಿಯುತ್ತ ಕೂತಿದ್ದವನು ಮೆಲ್ಲಗೆ ಹೇಳಿದ: “ಅವ್ವಾಗ ಹೇಳಿಬಿಡೂಣು, ಕಲ್ಲೂ ಐತಿ, ನಂದೀನೂ ಐತಿ, ಯಾರೂ ಮುಟ್ಟಿಲ್ಲ ಅಂತ. ಆಕಿ ಏನ ಬಂದ ನೋಡತಾಳೇನು?”

ನನಗೆ ಸಿಟ್ಟು ಬಂತು. ಬರುವಾಗ ದಾರಿಯಲ್ಲಿ ಅದೇ ಮಾತು ನನ್ನ ತಲೆಯಲ್ಲೂ ಸುಳಿದಿತ್ತು, ಅದಕ್ಕೇ ಹೆಚ್ಚು ಸಿಟ್ಟು ಬಂತು. “ಸುಳ್ಳ ಹೇಳಾಕ ವಿಮಾನ ಯಾಕ ಬೇಕಲೇ?” ಎಂದು ಹರಿಹಾಯ್ದೆ. ಮನೆಗೆ ಬಂದಾಗ ಅತ್ತೆ ಏನೂ ಕೇಳಲಿಲ್ಲ. ನಮ್ಮ ಮುಖ ನೋಡಿ ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಕೇಳಿದ್ದರೆ ಚೆನ್ನಾಗಿತ್ತು.

ಮತ್ತೆ ಒಂದು ವಾರ. ಮತ್ತೆ ಮನೆಗೆ ಬಂದವನೇ ನಳಿಗೆ ಕಳಚಿ ಊದಿದೆ, ಮತ್ತೆ ಫ್ಯಾನಿನ ಮುಂದೆ ಎಲ್ಲ ಸರಿ. ಅಂಗಡಿಯಲ್ಲಿ ಗಿರಾಕಿಗಳಿಗೆ ಬಲಗಣ್ಣಿನ ಗಾಜು ಎಡಕ್ಕೆ ಹಾಕಿದೆ. ರಾತ್ರಿ ಎದ್ದು ಕೂತರೆ ಶೈಲಾ, “ಮಗ್ಗ ನಿಂತಾವೇನ್ರಿ?” ಎಂದು ಮಗ್ಗುಲು ಬದಲಿಸುತ್ತಿದ್ದಳು. ಶನಿವಾರ ಘಟ್ಟದ ಕಡೆ ಮೋಡ ಕಟ್ಟಿದೆ ಎಂದು ಸುದ್ದಿ ಬಂತು.

ಮೂರನೆಯ ಭಾನುವಾರ ಅತ್ತೆ ಎಂದಿನಂತೆ ನನ್ನನ್ನು ಒಳಗೆ ಕೂಡಿಸಿ ಹೊರಗೆ ಹೋದಳು. ಚಹಾದ ಕಪ್ಪು ಕೈಯಲ್ಲಿತ್ತು, ಬಿಸಿ ಇತ್ತು. ಎಲ್ಲರೂ ಬೈಯುವ ನನ್ನ ಚಾಳಿ ಅಂದು ಕೆಲಸಕ್ಕೆ ಬಂತು. ಚಹಾ ಆರುವತನಕ ಕೂಡಲಾರದೆ ಕಪ್ಪು ಹಿಡಿದುಕೊಂಡೇ ಬಾಗಿಲಿಗೆ ಬಂದೆ.

ಅತ್ತೆ ಹೊರಸಿನ ಮುಂದೆ ನಿಂತಿದ್ದಳು. ಎಡಗೈಯಲ್ಲಿ ನೀರಲ್ಲಿ ನೆನೆಸಿದ ವಿಭೂತಿ ಗಟ್ಟಿ. ಬಲಗೈಯ ಮೂರು ಬೆರಳುಗಳಿಂದ ವಿಮಾನದ ಮೂಗಿಗೆ, ಆ ಬಿಳಿ ನಳಿಗೆಯ ತುದಿಗೆ, ಭಕ್ತಿಯಿಂದ ಬಳಿಯುತ್ತಿದ್ದಳು. ತೂತು ಪೂರ್ತಿ ಮುಚ್ಚಿತ್ತು. ಬಿಳಿಯ ಮೇಲೆ ಬಿಳಿ. ಊರಿಗೆಲ್ಲ ಕಣ್ಣಿನ ನಂಬರು ಹೇಳುವ ನನಗೆ ಮೂಗಿನ ತುದಿಯ ವಿಭೂತಿ ಕಂಡಿರಲಿಲ್ಲ! ಪ್ರತಿ ಸಲ ಮನೆಗೆ ಹೋದ ಕೂಡಲೇ ದೋಷವನ್ನು ನಾನೇ ಊದಿ ಓಡಿಸಿ, ಆಮೇಲೆ ಅದನ್ನು ವಾರಗಟ್ಟಲೆ ಹುಡುಕುತ್ತಿದ್ದೆ.

ನಗು ಬಂತು, ಅಳುವೂ ಬಂತು. “ಅತ್ತೀ, ಏನ ಮಾಡಾಕತ್ತೀ ಬೇ?”

“ಏನ ಮಾಡತಾರ? ಇಬತ್ತಿ ಹಚ್ಚಾಕತ್ತೇನಿ. ಮುಗಲಾಗಿಂದ ಬರೇ ಹಣಿಲೆ ಹೋದ್ರ ನಮ್ಮ ಮಂದಿ ಬಂದಾರ ಅಂತ ನಿಮ್ಮ ಮಾವಗ ಹೆಂಗ ತಿಳೀಬೇಕು?”

ಚಹಾ ಕೆಳಗಿಟ್ಟು, ಅವಳನ್ನು ಹೊರಸಿನ ಮೇಲೆ ಕೂಡಿಸಿ, ಅದು ಹಣೆಯಲ್ಲ, ಮೂಗು, ಅದರಿಂದಲೇ ಇದು ಗಾಳಿಯನ್ನು ಅರಿಯುತ್ತದೆ ಎಂದು ತಿಳಿಸಿದೆ. ಅತ್ತೆ ಹೌಹಾರಿದಳು.

“ಅಯ್ಯ ಶಿವನ! ಮೂಗ ಮುಚ್ಚಿ ಕಳಸಾಕತ್ತಿದ್ನೇನೋ ನಾ? ಬಾಯಿ ಬಿಟ್ಟ ಹೇಳಬಾರದೇನೋ ಮೂಳಾ!”

ಬೈಗುಳ ನನಗೇ ಬಂತು. ನಾನು ಸಂತೋಷದಿಂದ ಉಂಡೆ. ನಳಿಗೆ ಕಳಚಿ ತೊಳೆದು ಊದುತ್ತ, ಇದನ್ನು ಎಬ್ಬಿಸುವಾಗ ಮೊದಲು ಮೂಗಿಗೆ ಸಡಿಲವಾಗಿ ಮರೆ ಮಾಡಬೇಕಾಗುತ್ತದೆ ಎಂಬುದನ್ನೂ ಹೇಳಿದೆ. ಗಾಳಿಯೇ ಇಲ್ಲದಾಗ ಹೇಗಿರುತ್ತದೆ ಎಂಬುದು ಅದಕ್ಕೆ ಮೊದಲು ಗೊತ್ತಾಗಬೇಕು, ಅಲ್ಲಿಂದ ಅದರ ಲೆಕ್ಕ ಶುರು. ಹೇಳುತ್ತ ಹೇಳುತ್ತ ನನಗೆ ನಮ್ಮ ಓಣಿ ನೆನಪಾಯಿತು. ಸದ್ದಿನಲ್ಲೇ ಕಣ್ಣು ಬಿಟ್ಟ ನನಗೆ ಹಾಗೆ ಯಾರೂ ಮರೆ ಮಾಡಿ ತೋರಿಸಿರಲಿಲ್ಲ.

“ಅಂದ್ರ ಇದಕ್ಕೊಂದ ಕುಲಾವಿ ಬೇಕು, ಅಷ್ಟ ಹೌದಿಲ್ಲೋ?” ಎಂದಳು ಅತ್ತೆ. ನಮ್ಮ ಮನೆತನದ ಕೂಸುಗಳಿಗೆಲ್ಲ ಕುಲಾವಿ ಹೊಲಿದವಳು ಅವಳೇ. ಖಣದ ತುಣುಕು ಬಂತು, ಸೂಜಿ ಬಂತು, ದಾರ ಪೋಣಿಸುವ ಕೆಲಸ ನನಗೆ ಬಂತು. ಪೋಣಿಸಿಕೊಟ್ಟು ನಾನು ಅಂಗಳದಲ್ಲಿ ತಿರುಗಾಡುತ್ತಿದ್ದರೆ, “ಬೆಳಕಿಗೆ ಅಡ್ಡ ಬರಬ್ಯಾಡ” ಎಂದು ಗದರಿದಳು. ಹೊಲಿದಾದ ಮೇಲೆ ಅದನ್ನು ನಳಿಗೆಗೆ ತೊಡಿಸಿ, ಎರಡು ರೆಕ್ಕೆಗಳ ನಡುವೆ, ನಾನು ತೋರಿಸಿದ ಜಾಗದಲ್ಲಿ, ಮೂರು ಬೆರಳಿನ ವಿಭೂತಿ ಎಳೆದಳು. ವಿಮಾನಕ್ಕೆ ಈಗ ಹಣೆ ಬೇರೆ, ಮೂಗು ಬೇರೆ.

ದಂಡೆಯಲ್ಲಿ ಕುಲಾವಿ ಇದ್ದಂತೆಯೇ ಸೆನ್ಸರ್ ಎಬ್ಬಿಸಿ, ಆಮೇಲೆ ತೆಗೆದು ಕಿಸೆಗೆ ಹಾಕಿಕೊಂಡೆ. ಪಡುವಣ ಗಾಳಿಗೆ ಅಂಕಿ ಥಟ್ಟನೆ ಏರಿತು. ಸಂಗಪ್ಪ ಬೇವಿನ ಕಡ್ಡಿ ಉಗುಳಿ ಎದ್ದು ನಿಂತ. ಎಸೆದೆ. ಏರಿತು, ಬಾಗಿತು, ನೀರು ದಾಟಿ ಒಂದು ಚುಕ್ಕಿಯಾಗಿ ಕಾಣದಾಯಿತು. ಕಾಣದೆ ಇದ್ದಷ್ಟು ಹೊತ್ತು ನಾನು ಏನು ಮಾಡಿದೆನೆಂದು ಕೇಳಬೇಡಿ. ಮರಳುವಾಗ ಅದಕ್ಕೆ ಎದುರುಗಾಳಿ. ನೆಲದ ವೇಗ ಎತ್ತಿನ ಗಾಡಿಯಷ್ಟು, ಗಾಳಿಯ ವೇಗ ಮಾತ್ರ ಗಟ್ಟಿಯಾಗಿ ನಿಂತಿತ್ತು. ಆಷಾಢದ ಸಂಜೆ ಬನಹಟ್ಟಿಗೆ ಮರಳುವ ಒಬ್ಬ ಹುಡುಗನ ಹಾಗೆ ತುಳಿಯುತ್ತ ತುಳಿಯುತ್ತ ಮನೆಗೆ ಬಂತು.

ಬಿಸಿಲಿಗೆ ಫೋಟೋ ಸರಿಯಾಗಿ ಕಾಣಲಿಲ್ಲ. ಫೋನಿಗೆ ಇಳಿಸಿಕೊಂಡು ಅತ್ತೆಯ ಪಡಸಾಲೆಗೆ ಓಡಿದೆವು. ಅವಳು ಫೋನನ್ನು ನೆಲದ ಮೇಲೆ ಇಡಿಸಿ, ಚಿತ್ರದ ಮೂಡಣ ನಿಜದ ಮೂಡಣಕ್ಕೆ ಬರುವಂತೆ ತಿರುಗಿಸಿದಳು. ನನ್ನ ಅಂಗಡಿಯದೇ ಚಷ್ಮಾ ಹಾಕಿಕೊಂಡು ಬಗ್ಗಿದಳು. ಸುದ್ದಿ ಸುಳ್ಳಾಗಿರಲಿಲ್ಲ. ಹಳೆಯ ಊರಿನ ಮೇಲೆ ಟ್ರ್ಯಾಕ್ಟರಿನ ಗಾಲಿಯ ಗೆರೆಗಳಿದ್ದವು, ಗೋಡೆ ಕಿತ್ತ ಕಡೆ ಕುಳಿಗಳಿದ್ದವು. ಗೆರೆಗಳು ಗುಡಿಯ ಕಟ್ಟೆಯ ತನಕ ಬಂದು, ಹೂಳಿಗೆ ಅಂಜಿ, ತಿರುಗಿ ಹೋಗಿದ್ದವು. ಅದರಾಚೆಗೆ ನೆಲ ನುಣ್ಣಗಿತ್ತು, ಯಾರ ಕಾಲೂ ಬಿದ್ದಿರಲಿಲ್ಲ. ಅಲ್ಲೊಂದು ಬಾವಿಯ ದುಂಡು ಗುರುತು, ಅದರ ಪಕ್ಕದಲ್ಲಿ ಹೂಳಿನಿಂದ ಎದ್ದ ಒಂದು ಸಣ್ಣ ಉಬ್ಬು.

“ಯಾರೂ ಕೆದರಿಲ್ಲ ಅತ್ತೀ,” ಎಂದೆ. ಅದು ಖರೆಯೇ ಆಗಿತ್ತು.

“ನಂದಿ ಬೆನ್ನ ನೋಡೋ,” ಎಂದು ಅವಳು ಆ ಉಬ್ಬಿನ ಮೇಲೆ ಬೆರಳಿಟ್ಟಳು. ಅದು ನಂದಿಯ ಬೆನ್ನೋ ಮಣ್ಣಿನ ಹೆಂಟೆಯೋ ನಾನು ಹೇಳಲಾರೆ. ಚಾರ್ಟಿನ ಕೊನೆಯ ಸಾಲನ್ನು ಬಾಯಿಪಾಠ ಮಾಡಿ ಓದುವವರು ನನ್ನ ಅಂಗಡಿಗೆ ಬಹಳ ಬರುತ್ತಾರೆ. ಅಂಥವರಿಗೆ ನಂಬರು ಬದಲಿಸಿ ಕೊಡುತ್ತೇನೆ. ಅತ್ತೆಗೆ ಕೊಡಲಿಲ್ಲ.

ಅವಳು ವಿಭೂತಿ ಗಟ್ಟಿ ಒದ್ದೆ ಮಾಡಿ, ಮೂರು ಬೆರಳಿನಿಂದ ಆ ಜಾಗದ ಮೇಲೆ ಎಳೆದಳು. ಬೆರಳು ತಗುಲಿದ್ದೇ ಚಿತ್ರ ಸರ್ರನೆ ಸರಿದು, ಬಾವಿ ಒಂದು ಕಡೆ, ಗದ್ದುಗೆ ಇನ್ನೊಂದು ಕಡೆ ಹೋಯಿತು.

“ಏ, ಎದ್ದ ಹೊಂಟರಲ್ಲೋ!” ಎಂದು ಅತ್ತೆ ಗಾಬರಿಯಾಗಿ, ಆಮೇಲೆ ಎಷ್ಟೋ ದಿನಗಳ ಮೇಲೆ ಬಾಯಿ ತುಂಬ ನಕ್ಕಳು. “ಇವರೂ ನಿನ್ನಂಗ ಆಗ್ಯಾರೇನು, ಒಂದ ಕಡೆ ಕುಂಡ್ರವಲ್ಲರು?”

ನಾನು ಚಿತ್ರವನ್ನು ಮೊದಲಿನ ಜಾಗಕ್ಕೆ ತಂದು, ಹೆಬ್ಬೆರಳಿನಿಂದ ಅಂಚನ್ನು ಒತ್ತಿ ಹಿಡಿದೆ. ಅವಳು ಮತ್ತೆ ಹಚ್ಚಿದಳು. ಈ ಸಲ ಸರಿಯಲಿಲ್ಲ. ಗಾಜಿನ ಮೇಲೆ ಮೂರು ಬಿಳಿ ಗೆರೆಗಳು ನಿಂತವು. ಅತ್ತೆ ಕಣ್ಣು ಒರೆಸಿಕೊಂಡು ಗೋಡೆಗೆ ಒರಗಿದಳು.

“ಕುಂತರ ನೋಡು,” ಎಂದಳು. “ಈಗ ನೀನೂ ಕುಂಡ್ರು.”

ಕುಳಿತೆ. ಸಂಗಪ್ಪ ಚಹಾ ತಂದ. ಕಪ್ಪು ಖಾಲಿಯಾದ ಮೇಲೂ ನಾನು ಅಲ್ಲೇ ಕೂತಿದ್ದೆ.